ಗಣಕಯಂತ್ರದ ನಾಡಿಯೂ ದಿನಚರಿಯೂ

ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ತುಂಬಿ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಹೊಳೆಯು ಈ ನಾಡಿನ ಮೂಲಕ ಹಾದುಹೋಗುವುದಾದರೂ ಮಳೆಗಾಲವನ್ನು ಬಿಟ್ಟರೆ ಅದರ ಪಾತ್ರದಲ್ಲಿ ಕಾಣುವುದು ಬಹುಮಟ್ಟಿಗೆ ಮರಳೇ. ಆದುದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪೂರ್ವಿಕರು ಮಳೆಯ ನೀರನ್ನು ತಡೆದು ನಿಲ್ಲಿಸಲು ಸಾವಿರಾರು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ ಸೇರುವಂತೆ ಅವನ್ನು ಸಾಲಾಗಿ ಹೊಂದಿಸಿದರು. ಇಂಥ ಕೆರೆಗಳನ್ನು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದನು.

ನೀರುಗಂಟಿಯ ಕೆಲಸವನ್ನು ಪರಿಶೀಲಿಸಿದರೆ ಅದರಲ್ಲಿ ಎರಡು ಭಾಗಗಳಿರುವುದು ಕಂಡುಬರುತ್ತದೆ. ಮೊದಲನೆಯದು, ಈ ಹೊತ್ತಿನ ಸ್ಥಿತಿಯನ್ನು ನೋಡುವುದು: ನೀರಿನ ಮಟ್ಟವೆಷ್ಟು, ತೂಬು ಎಷ್ಟು ತೆರೆದಿದೆ, ಏರಿಯಲ್ಲಿ ಎಲ್ಲಿಯಾದರೂ ನೀರು ಜಿನುಗುತ್ತಿದೆಯೆ ಎಂಬುದು. ಎರಡನೆಯದು, ಆಗಿಹೋದುದನ್ನು ನೆನಪಿನಲ್ಲಿಡುವುದು: ಯಾರ ಗದ್ದೆಗೆ ಯಾವ ದಿನ ನೀರು ಬಿಟ್ಟದ್ದಾಯಿತು, ಕೋಡಿ ಯಾವಾಗ ಹರಿಯಿತು, ಏರಿ ಹಿಂದೆ ಎಲ್ಲಿ ಕುಸಿದಿತ್ತು ಎಂಬುದು. ನೋಡುವ ಕಣ್ಣಿದ್ದು ನೆನಪಿಲ್ಲದಿದ್ದರೆ ರೈತರ ವ್ಯಾಜ್ಯ ಬಗೆಹರಿಯುವುದಿಲ್ಲ. ನೆನಪಿದ್ದು ಕಣ್ಣಿಲ್ಲದಿದ್ದರೆ ಏರಿ ಒಡೆದ ಮೇಲೆಯೇ ಸಂಗತಿ ತಿಳಿಯುವುದು.

ಇಂದು ನಮ್ಮ ಬ್ಯಾಂಕು, ರೈಲ್ವೆ, ಪರೀಕ್ಷಾಮಂಡಲಿ, ಆಸ್ಪತ್ರೆಗಳ ಕೆಲಸವನ್ನೆಲ್ಲ ಗಣಕಯಂತ್ರಗಳು ನಡೆಸುತ್ತಿವೆ. ಹಗಲಿರುಳೂ ದುಡಿಯುವ ಈ ಯಂತ್ರಗಳಿಗೂ ನೀರುಗಂಟಿಗಳು ಬೇಕು. ಅವರು ಮಾಡುವ ಕೆಲಸವೂ ಇದೇ ಎರಡು ಬಗೆಯದು: ಯಂತ್ರದ ನಾಡಿಯನ್ನು ನೋಡುವುದು, ಅದರ ದಿನಚರಿಯನ್ನು ಓದುವುದು. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಇವೆರಡೂ ಹೇಗೆ ನಡೆಯುವುವೆಂಬುದನ್ನು ಈ ಲೇಖನದಲ್ಲಿ ವಿವರಿಸುವೆವು.

ಲಿನಕ್ಸ್ ಎಂದರೇನು?

ಗಣಕಯಂತ್ರದ ಅಂಗಗಳನ್ನು ಹಂಚಿಕೊಟ್ಟು, ಹಲವು ಕಾರ್ಯಕ್ರಮಗಳು ಒಂದಕ್ಕೊಂದು ಅಡ್ಡಬಾರದಂತೆ ನಡೆಸುವ ಮೂಲ ವ್ಯವಸ್ಥೆಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ತಿರುಳನ್ನು ಕರ್ನೆಲ್ ಎನ್ನುವರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬಾತನು ಬರೆದ ಇಂಥ ತಿರುಳೇ ಲಿನಕ್ಸ್. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಪ್ರಪಂಚದ ಅತಿ ವೇಗದ 500 ಗಣಕಯಂತ್ರಗಳ ಪಟ್ಟಿಯಲ್ಲಿ 2017ರ ನವೆಂಬರ್ ಹೊತ್ತಿಗೆ ಲಿನಕ್ಸ್ ಇಲ್ಲದ ಯಂತ್ರ ಒಂದೂ ಉಳಿಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗವನ್ನು ನಡೆಸುವುದೂ, ಆಂಡ್ರಾಯ್ಡ್ ದೂರವಾಣಿಗಳ ಒಡಲಲ್ಲಿ ಇರುವುದೂ ಇದೇ ತಿರುಳು.

ಲಿನಕ್ಸಿನಲ್ಲಿ 'ಪ್ರಾಕ್' ಎಂಬ ಒಂದು ವಿಚಿತ್ರವಾದ ಕಡತಕೋಶವುಂಟು. ಅದರೊಳಗಿನ ಕಡತಗಳು ಡಿಸ್ಕಿನ ಮೇಲೆ ಎಲ್ಲಿಯೂ ಇರುವುದಿಲ್ಲ. ನಾವು ಒಂದನ್ನು ತೆರೆದ ಆ ಕ್ಷಣದಲ್ಲಿ ಕರ್ನೆಲ್ ತನ್ನ ಲೆಕ್ಕಗಳನ್ನು ಅದರಲ್ಲಿ ಬರೆದು ತೋರಿಸುವುದು. ವೈದ್ಯನು ಕೈ ಹಿಡಿದಾಗ ಬೆರಳಿಗೆ ನಾಡಿ ತಾಕುವಂತೆ ಎನ್ನಬಹುದು. 'ಟಾಪ್', 'ಫ್ರೀ', 'ವಿಎಂಸ್ಟ್ಯಾಟ್' ಮೊದಲಾದ ಆಜ್ಞೆಗಳೆಲ್ಲವೂ ಈ ಲೆಕ್ಕಗಳನ್ನೇ ಓದಿ, ಮನುಷ್ಯರಿಗೆ ಅರ್ಥವಾಗುವ ರೂಪದಲ್ಲಿ ಮುಂದಿಡುವ ಸಾಧನಗಳು.

ಹೊರೆಯ ಮೂರು ಅಂಕಿಗಳು

'ಟಾಪ್' ಎಂಬ ಆಜ್ಞೆಯನ್ನು ಕೊಟ್ಟರೆ ಮೊದಲ ಸಾಲಿನಲ್ಲಿಯೇ ಮೂರು ಅಂಕಿಗಳು ಕಾಣುವುವು. ಇವು ಯಂತ್ರದ ಮೇಲಿನ ಸರಾಸರಿ ಹೊರೆಯನ್ನು ಸೂಚಿಸುತ್ತವೆ. ಮೊದಲನೆಯದು ಕಳೆದ 1 ನಿಮಿಷಕ್ಕೂ, ಎರಡನೆಯದು 5 ನಿಮಿಷಗಳಿಗೂ, ಮೂರನೆಯದು 15 ನಿಮಿಷಗಳಿಗೂ ಸಂಬಂಧಿಸಿದವು. 1970ರ ದಶಕದ ಆರಂಭದಲ್ಲಿ ಟೆನೆಕ್ಸ್ ಎಂಬ ವ್ಯವಸ್ಥೆಯಲ್ಲಿ ಬಳಕೆಗೆ ಬಂದ ಈ ಪದ್ಧತಿಯು ಇಂದಿಗೂ ಉಳಿದುಬಂದಿದೆ.

ಹೊರೆ ಎಂದರೇನು? ಒಂದು ಕೆರೆಗೆ ನಾಲ್ಕು ತೂಬುಗಳಿವೆಯೆಂದು ಇಟ್ಟುಕೊಳ್ಳೋಣ. ಒಂದು ತೂಬಿನಿಂದ ಒಂದು ಹೊತ್ತಿಗೆ ಒಬ್ಬ ರೈತನಿಗೆ ಮಾತ್ರ ನೀರು. ನಾಲ್ವರು ರೈತರಿದ್ದರೆ ತೂಬುಗಳೆಲ್ಲವೂ ಉಪಯೋಗದಲ್ಲಿರುವುವು, ಯಾರೂ ಕಾಯಬೇಕಾಗಿಲ್ಲ. ಒಂಬತ್ತು ಜನ ಬಂದರೆ ನಾಲ್ವರಿಗೆ ನೀರು ದೊರೆತು ಐವರು ಏರಿಯ ಮೇಲೆ ಕಾಯುತ್ತ ನಿಲ್ಲುವರು. ನೀರು ಪಡೆಯುವವರನ್ನೂ ಕಾಯುವವರನ್ನೂ ಕೂಡಿಸಿ ಎಣಿಸಿದರೆ ಬರುವ ಒಂಬತ್ತೇ ಹೊರೆ. ತೂಬುಗಳ ಸ್ಥಾನದಲ್ಲಿ ಪ್ರೊಸೆಸರಿನ ಕೋರುಗಳನ್ನೂ ರೈತರ ಸ್ಥಾನದಲ್ಲಿ ಕಾರ್ಯಪ್ರಕ್ರಿಯೆಗಳನ್ನೂ ಇಟ್ಟರೆ ಲೆಕ್ಕ ಸರಿಹೋಗುವುದು. ಆದುದರಿಂದ ಹೊರೆ 4 ಎಂಬುದು ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ ಹಾಗೆಯೇ ಉತ್ತರ ಹೇಳಲಾಗದು. ನಾಲ್ಕು ಕೋರುಗಳ ಯಂತ್ರಕ್ಕೆ ಅದು ಸರಿಯಾದ ದುಡಿಮೆ. ಒಂದೇ ಕೋರಿನ ಯಂತ್ರಕ್ಕೆ ವಿಪರೀತವಾದ ಭಾರ. ಹದಿನಾರು ಕೋರುಗಳ ಯಂತ್ರಕ್ಕೆ ವಿರಾಮ.

ಮೂರು ಅಂಕಿಗಳನ್ನು ಒಟ್ಟಿಗೆ ಓದುವುದರಲ್ಲಿ ಇನ್ನೊಂದು ಲಾಭವುಂಟು. ಅವು ಕ್ರಮವಾಗಿ 9.20, 6.10, 2.40 ಎಂದಿದ್ದರೆ ಕಾಲು ಗಂಟೆಯ ಹಿಂದೆ ಯಂತ್ರ ಸುಖವಾಗಿತ್ತು, ಈಗ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಅಂಕಿಗಳು ಇದಕ್ಕೆ ಹಿಂದುಮುಂದಾಗಿದ್ದರೆ ಕಷ್ಟ ಇಳಿಮುಖವಾಗಿದೆಯೆಂದು ಅರ್ಥ. ಇವು ಸಾಮಾನ್ಯ ಸರಾಸರಿಗಳಲ್ಲ ಎಂಬುದನ್ನೂ ಗಮನಿಸತಕ್ಕದ್ದು. ಕರ್ನೆಲ್ ಸುಮಾರು 5 ಸೆಕೆಂಡುಗಳಿಗೊಮ್ಮೆ ಎಣಿಕೆ ಮಾಡಿ, ಹಳೆಯ ಎಣಿಕೆಗಳ ತೂಕವನ್ನು ಕ್ರಮವಾಗಿ ಕುಗ್ಗಿಸುತ್ತ ಹೋಗುವುದು. ಮೊದಲನೆಯ ಅಂಕಿಯಲ್ಲಿ ಒಂದು ನಿಮಿಷ ಹಳತಾದ ಸ್ಥಿತಿಗೆ ಸುಮಾರು ಶೇಕಡಾ 37 ತೂಕ ಉಳಿದಿರುವುದು. ಕಾಯಿಸಿದ ಹಾಲು ಆರುವುದೂ ಇದೇ ಗಣಿತದ ನಿಯಮದಂತೆ ಎಂಬುದನ್ನು ನಮ್ಮ ಭೌತಶಾಸ್ತ್ರದ ವಿದ್ಯಾರ್ಥಿಗಳು ಗುರುತಿಸಬಲ್ಲರು.

ಲಿನಕ್ಸಿಗೆ ಮಾತ್ರ ಸಂಬಂಧಿಸಿದ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. 1993ರಿಂದ ಲಿನಕ್ಸ್ ಹೊರೆಯನ್ನು ಎಣಿಸುವಾಗ ಪ್ರೊಸೆಸರಿಗಾಗಿ ಕಾಯುವವರನ್ನಲ್ಲದೆ ಡಿಸ್ಕಿನಿಂದ ಮಾಹಿತಿ ಬರಲೆಂದು ಕಾಯುವ ಪ್ರಕ್ರಿಯೆಗಳನ್ನೂ ಸೇರಿಸಿಕೊಳ್ಳುತ್ತದೆ. ಆದುದರಿಂದ ಹೊರೆ ಬಹಳವಾಗಿದ್ದರೂ ಪ್ರೊಸೆಸರು ಕೈಕಟ್ಟಿ ಕುಳಿತಿರಬಹುದು. ಇಂಥ ಸಂದರ್ಭದಲ್ಲಿ ಇನ್ನೂ ವೇಗದ ಪ್ರೊಸೆಸರನ್ನು ಕೊಂಡು ತಂದರೆ ಹಣ ವ್ಯರ್ಥ.

ಸ್ಮೃತಿ ಮತ್ತು ಡಿಸ್ಕು

ಹೊಸಬರನ್ನು ಹೆಚ್ಚಾಗಿ ಗಾಬರಿಪಡಿಸುವುದು 'ಫ್ರೀ' ಎಂಬ ಆಜ್ಞೆ. ಅದು ಯಂತ್ರದ ಸ್ಮೃತಿ, ಎಂದರೆ ಮೆಮೊರಿ, ಎಷ್ಟು ಖಾಲಿಯಿದೆಯೆಂದು ತಿಳಿಸುವುದು. ಆರೋಗ್ಯವಾಗಿರುವ ಯಂತ್ರದಲ್ಲಿಯೂ ಖಾಲಿಯ ಪ್ರಮಾಣ ಬಹಳ ಸ್ವಲ್ಪವಾಗಿರುವುದುಂಟು. ಇದು ಕೊರತೆಯಲ್ಲ. ಡಿಸ್ಕಿನಿಂದ ಒಮ್ಮೆ ಓದಿದುದನ್ನು ಮತ್ತೆ ಬೇಕಾದೀತೆಂದು ಕರ್ನೆಲ್ ಸ್ಮೃತಿಯ ಬಿಡುವಾದ ಭಾಗಗಳಲ್ಲಿ ಇಟ್ಟುಕೊಂಡಿರುವುದು. ಬೇರೆ ಕೆಲಸಕ್ಕೆ ಜಾಗ ಬೇಕಾದ ಕೂಡಲೆ ಅದನ್ನು ಬಿಟ್ಟುಕೊಡುವುದು. ಆದುದರಿಂದ ನೋಡಬೇಕಾದದ್ದು ಖಾಲಿ ಎಷ್ಟೆಂಬುದನ್ನಲ್ಲ, ದೊರೆಯಬಹುದಾದದ್ದು ಎಷ್ಟೆಂಬುದನ್ನು. ಈ ಎರಡನೆಯ ಲೆಕ್ಕವನ್ನು ಕರ್ನೆಲ್ ತಾನೇ ಒದಗಿಸತೊಡಗಿದುದು 2014ರಲ್ಲಿ.

ದೊರೆಯಬಹುದಾದ ಸ್ಮೃತಿಯೂ ತೀರುತ್ತ ಬಂದರೆ, ಕರ್ನೆಲ್ ಸದ್ಯಕ್ಕೆ ಬೇಡವಾದ ಪುಟಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಹಿಂದಕ್ಕೆ ತರುವುದು. ಇದಕ್ಕೆ ಸ್ವಾಪ್ ಎಂದು ಹೆಸರು. ಇದರ ಬೆಲೆಯನ್ನು ಒಂದು ಹೋಲಿಕೆಯಿಂದ ತಿಳಿಯೋಣ. ಸ್ಮೃತಿಯಿಂದ ಒಂದು ಅಂಶವನ್ನು ತರಲು ಒಂದು ಸೆಕೆಂಡು ಹಿಡಿಯುವುದಾದರೆ, ಅದೇ ಪ್ರಮಾಣದಲ್ಲಿ ತಿರುಗುವ ಡಿಸ್ಕಿನಿಂದ ತರಲು ಸುಮಾರು ಒಂದು ಲಕ್ಷ ಸೆಕೆಂಡು, ಎಂದರೆ ಒಂದು ಹಗಲು ಒಂದು ರಾತ್ರಿಗಿಂತಲೂ ಹೆಚ್ಚು ಕಾಲ ಬೇಕಾಗುವುದು. ಯಂತ್ರವು ಸದಾ ಹೀಗೆ ಸಾಗಿಸುತ್ತ ತರುತ್ತ ಇದ್ದರೆ ಅದಕ್ಕೆ ಬೇರೆ ಕೆಲಸಕ್ಕೆ ಬಿಡುವಾದರೂ ಎಲ್ಲಿ? ಕೊನೆಗೆ ಎಲ್ಲ ದಾರಿಗಳೂ ಮುಚ್ಚಿದಾಗ ಕರ್ನೆಲ್ ಒಂದು ಪ್ರಕ್ರಿಯೆಯನ್ನು ಆರಿಸಿ ಕೊನೆಗಾಣಿಸುವುದು. ಏರಿ ಒಡೆಯುವುದನ್ನು ತಪ್ಪಿಸಲು ಕೋಡಿಯನ್ನು ಕಡಿದು ಒಂದಷ್ಟು ಗದ್ದೆಯನ್ನು ನೀರಿಗೆ ಕೊಟ್ಟಂತೆ ಇದು.

ಡಿಸ್ಕಿನಲ್ಲಿ ಉಳಿದಿರುವ ಸ್ಥಳವನ್ನು 'ಡಿಎಫ್' ಎಂಬ ಆಜ್ಞೆ ತಿಳಿಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಯಾವುದಾದರೂ ಕಾರ್ಯಕ್ರಮ ತೆರೆದಿಟ್ಟುಕೊಂಡಿರುವ ಕಡತವನ್ನು ನಾವು ಅಳಿಸಿದರೆ ಅದರ ಹೆಸರು ಮಾತ್ರ ಮಾಯವಾಗುವುದು. ಆ ಕಾರ್ಯಕ್ರಮ ಅದನ್ನು ಬಿಡುವವರೆಗೆ ಸ್ಥಳ ಮರಳಿ ಬಾರದು.

ದಿನಚರಿಯ ಪುಸ್ತಕ

ನಾಡಿಯನ್ನು ನೋಡಿದರೆ ಈ ಹೊತ್ತಿನ ಸ್ಥಿತಿ ತಿಳಿಯುವುದು. ರೋಗ ಎಂದು ಆರಂಭವಾಯಿತೆಂಬುದು ತಿಳಿಯದು. ಅದಕ್ಕೆ ದಿನಚರಿ, ಎಂದರೆ ಲಾಗ್, ಬೇಕು. ಈ ಶಬ್ದದ ಮೂಲಾರ್ಥ ಮರದ ದಿಮ್ಮಿ. ಹಿಂದಿನ ನಾವಿಕರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ಸಮುದ್ರಕ್ಕೆ ಬಿಟ್ಟು, ನಿಶ್ಚಿತವಾದ ಕಾಲದಲ್ಲಿ ಎಷ್ಟು ಗಂಟುಗಳು ಕೈಜಾರಿದುವೆಂದು ಎಣಿಸಿ ಹಡಗಿನ ವೇಗವನ್ನು ಕಂಡುಹಿಡಿಯುತ್ತಿದ್ದರು. ಆ ಎಣಿಕೆಯನ್ನು ಬರೆದಿಡುತ್ತಿದ್ದ ಪುಸ್ತಕಕ್ಕೂ ಕ್ರಮೇಣ ದಿಮ್ಮಿಯ ಹೆಸರೇ ನಿಂತಿತು.

ತಾನಾಗಿಯೇ ಬರೆದುಕೊಳ್ಳುವ ದಿನಚರಿಯ ಮಹತ್ತ್ವವನ್ನು ತೋರಿಸುವ ಉಜ್ಜ್ವಲವಾದ ಉದಾಹರಣೆ ಕೋಲಾರದ ಚಿನ್ನದ ಗಣಿಯಲ್ಲಿಯೇ ಇದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳೂ ಕೂಡಿ, ನೆಲದಿಂದ ಎರಡು ಕಿಲೋಮೀಟರುಗಳಿಗೂ ಹೆಚ್ಚು ಆಳದಲ್ಲಿ ಉಪಕರಣಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತನ್ನು ಕಂಡರು. ಅಂಥ ಘಟನೆಗಳು ತಿಂಗಳುಗಟ್ಟಲೆ ಕಾದರೆ ಕೆಲವು ಮಾತ್ರ. ಅಷ್ಟು ಅಪರೂಪವಾದುದನ್ನು ಮನುಷ್ಯರು ಕಣ್ಣೆವೆಯಿಕ್ಕದೆ ಕಾಯಲಾರರು. ಘಟನೆ ನಡೆದಾಗ ಉಪಕರಣವೇ ದಾಖಲೆಮಾಡಿಕೊಂಡು, ಬಳಿಕ ವಿಜ್ಞಾನಿಗಳು ಅದನ್ನು ಓದಿ ವಿಮರ್ಶಿಸುವುದೇ ಅಲ್ಲಿಯ ಕ್ರಮವಾಗಿತ್ತು.

ಗಣಕಯಂತ್ರದ ಕಾರ್ಯಕ್ರಮಗಳೆಲ್ಲ ಒಂದೇ ಕ್ರಮದಲ್ಲಿ ದಿನಚರಿ ಬರೆಯುವಂತೆ 'ಸಿಸ್‌ಲಾಗ್' ಎಂಬ ಪದ್ಧತಿಯನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ರೂಪಿಸಿದನು. ಅಂಚೆಯ ಕಾರ್ಯಕ್ರಮವೊಂದಕ್ಕಾಗಿ ಹುಟ್ಟಿದ ಇದನ್ನು ಉಳಿದ ಕಾರ್ಯಕ್ರಮಗಳೂ ಅನುಸರಿಸಿದುವು. ಇದರಲ್ಲಿ ಪ್ರತಿಯೊಂದು ಸುದ್ದಿಗೂ ಗಾಂಭೀರ್ಯದ ಅಂಕಿಯೊಂದಿರುವುದು. 0 ಎಂದರೆ ಯಂತ್ರವೇ ನಿಂತುಹೋಗುವಂಥ ಆಪತ್ತು. 3 ಎಂದರೆ ದೋಷ. 4 ಎಂದರೆ ಎಚ್ಚರಿಕೆ. 6 ಎಂದರೆ ಸಾಮಾನ್ಯ ಸಮಾಚಾರ. 7 ಎಂದರೆ ಕಾರ್ಯಕ್ರಮ ಬರೆಯುವವರಿಗೆ ಮಾತ್ರ ಬೇಕಾದ ವಿವರ. ಅಂಕಿ ಚಿಕ್ಕದಾದಷ್ಟೂ ಅಪಾಯ ದೊಡ್ಡದು. ಈ ದಿನಚರಿಗಳು 'ವಾರ್' ಎಂಬ ಕಡತಕೋಶದೊಳಗಿನ 'ಲಾಗ್' ಎಂಬಲ್ಲಿ ಸಾಮಾನ್ಯವಾಗಿ ದೊರೆಯುವುವು. ಇತ್ತೀಚಿನ ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿ 'ಜರ್ನಲ್' ಎಂಬ ಮತ್ತೊಂದು ಸಂಗ್ರಹವೂ ಉಂಟು. ಒಂದು ಕಾರ್ಯಕ್ರಮದ, ಒಂದು ಗಂಟೆಯ, ಒಂದು ಗಾಂಭೀರ್ಯದ ಸುದ್ದಿಗಳನ್ನು ಮಾತ್ರ ಅದರಿಂದ ಆರಿಸಿ ಓದಬಹುದು.

ಹೀಗೆ ಬರೆಯುತ್ತಲೇ ಹೋದರೆ ದಿನಚರಿಯೇ ಡಿಸ್ಕನ್ನು ತುಂಬಿಬಿಡುವುದಿಲ್ಲವೆ? ತುಂಬುವುದುಂಟು, ಅದರಿಂದ ಯಂತ್ರ ನಿಲ್ಲುವುದೂ ಉಂಟು. ಇದನ್ನು ತಡೆಯಲು ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಹಳೆಯ ಪುಸ್ತಕವನ್ನು ಮುಚ್ಚಿ ಹೊಸದನ್ನು ತೆರೆದು, ನಿಶ್ಚಿತವಾದ ಸಂಖ್ಯೆಗಿಂತ ಹಳೆಯವನ್ನು ಅಳಿಸುವ ವ್ಯವಸ್ಥೆಯನ್ನು ಮಾಡಿರುತ್ತಾರೆ.

ಒಂದು ನಿದರ್ಶನ

ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ಸ್ವೀಕರಿಸುವ ಯಂತ್ರವೊಂದಿದೆಯೆಂದು ಭಾವಿಸೋಣ. ಅದಕ್ಕೆ ನಾಲ್ಕು ಕೋರುಗಳಿವೆ. ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ಬೆಳಗ್ಗೆ ಹತ್ತು ಗಂಟೆಗೆ ಯಂತ್ರ ನಿಧಾನವಾಗುವುದು. ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳು ಸಾಲಿನಲ್ಲಿ ನಿಂತಿದ್ದಾರೆ. ಯಾರೋ ಒಬ್ಬರು, "ಆರಿಸಿ ಮತ್ತೆ ಹಚ್ಚಿರಿ" ಎನ್ನುವರು. ಹಾಗೆ ಮಾಡುವ ಮೊದಲು ಐದು ನಿಮಿಷ ಪರೀಕ್ಷಿಸುವುದು ಒಳ್ಳೆಯದು.

ಹೊರೆಯ ಅಂಕಿಗಳು 9.20, 6.10, 2.40. ಆದರೆ 'ಟಾಪ್' ತೋರಿಸುವಂತೆ ಪ್ರೊಸೆಸರು ಬಹುಪಾಲು ಸುಮ್ಮನಿದೆ. ಹಾಗಾದರೆ ಪ್ರಕ್ರಿಯೆಗಳು ಕಾಯುತ್ತಿರುವುದು ಡಿಸ್ಕಿಗಾಗಿ ಇರಬೇಕು. 'ವಿಎಂಸ್ಟ್ಯಾಟ್' ಎಂಬ ಆಜ್ಞೆಯನ್ನು ಕೊಟ್ಟರೆ ಸ್ಮೃತಿಯ ಪುಟಗಳು ಎಡೆಬಿಡದೆ ಡಿಸ್ಕಿಗೆ ಹೋಗಿಬರುತ್ತಿರುವುದು ಕಾಣುವುದು. ಎಂದರೆ ಮೂಲದ ಕೊರತೆ ಡಿಸ್ಕಿನದಲ್ಲ, ಸ್ಮೃತಿಯದು. ಸ್ಮೃತಿಯನ್ನು ಯಾರು ನುಂಗುತ್ತಿದ್ದಾರೆ? ಪ್ರಕ್ರಿಯೆಗಳನ್ನು ಸ್ಮೃತಿಯ ಪ್ರಮಾಣದಂತೆ ಜೋಡಿಸಿದರೆ ಅರ್ಜಿಗಳ ಚಿತ್ರಗಳನ್ನು ಕಿರಿದುಮಾಡುವ ಕಾರ್ಯಕ್ರಮವೊಂದು ಕ್ಷಣಕ್ಷಣಕ್ಕೂ ಬೆಳೆಯುತ್ತಿದೆ. ಇನ್ನು ದಿನಚರಿಯನ್ನು ತೆರೆಯಬೇಕು. ಹಿಂದಿನ ಸಂಜೆ 18:05ಕ್ಕೆ ಆ ಕಾರ್ಯಕ್ರಮದ ಹೊಸ ಆವೃತ್ತಿಯನ್ನು ಸ್ಥಾಪಿಸಿದ ಸುದ್ದಿಯಿದೆ. ರಾತ್ರಿ 02:31ಕ್ಕೆ ಸ್ಮೃತಿ ತೀರಿ, ಕರ್ನೆಲ್ ಅದೇ ಕಾರ್ಯಕ್ರಮವನ್ನು ಕೊನೆಗಾಣಿಸಿದ ಸುದ್ದಿಯಿದೆ. ಅದು ಮತ್ತೆ ತಾನಾಗಿಯೇ ಪ್ರಾರಂಭವಾಗಿದೆ.

ಈಗ ಕಾರಣ ಸ್ಪಷ್ಟವಾಯಿತು. ಹೊಸ ಆವೃತ್ತಿಯು ಉಪಯೋಗಿಸಿದ ಸ್ಮೃತಿಯನ್ನು ಹಿಂದಿರುಗಿಸುತ್ತಿಲ್ಲ. ಹಳೆಯ ಆವೃತ್ತಿಗೆ ಮರಳಿದರೆ ಕೆಲಸ ಸಾಗುವುದು. ಯಂತ್ರವನ್ನು ಆರಿಸಿ ಹಚ್ಚಿದ್ದರೆ ಕೆಲವು ಗಂಟೆಗಳ ಕಾಲ ಸರಿಯಾದಂತೆ ತೋರಿ, ಮಧ್ಯಾಹ್ನ ಸಾಲು ಇನ್ನೂ ಉದ್ದವಾಗಿರುವ ಹೊತ್ತಿಗೆ ತೊಂದರೆ ಮರುಕಳಿಸುತ್ತಿತ್ತು. ಅಲ್ಲದೆ, ಜರ್ನಲನ್ನು ಡಿಸ್ಕಿನಲ್ಲಿ ಉಳಿಸುವ ಏರ್ಪಾಡು ಇಲ್ಲದ ಯಂತ್ರಗಳಲ್ಲಿ ಆರಿಸಿದೊಡನೆ ಅದೂ ಅಳಿಸಿಹೋಗಿ ಸಾಕ್ಷ್ಯವೇ ಇಲ್ಲವಾಗುವುದು.

ಎಲ್ಲ ಗಡಿಯಾರಗಳೂ ಒಂದಾಗಿರಬೇಕು

ದಿನಚರಿಯ ಪ್ರತಿಯೊಂದು ಸಾಲೂ ಕಾಲದಿಂದ ಆರಂಭವಾಗುವುದು. ಕಾಲವೇ ತಪ್ಪಾಗಿದ್ದರೆ ಏನಾಗುವುದೆಂಬುದಕ್ಕೂ ಕೋಲಾರದ ಗಣಿಯನ್ನೇ ನೋಡಬಹುದು. 2001ರಲ್ಲಿ ಮುಚ್ಚಿದ ಈ ಗಣಿಯು ಮೂರು ಕಿಲೋಮೀಟರುಗಳಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒತ್ತಡ ತಾಳಲಾರದೆ ಬಂಡೆಗಳು ಇದ್ದಕ್ಕಿದ್ದಂತೆ ಸಿಡಿಯುತ್ತಿದ್ದುವು. ಇದರಿಂದ ಕಾರ್ಮಿಕರ ಪ್ರಾಣಹಾನಿಯಾಗುತ್ತಿತ್ತು. ಸಿಡಿತದ ಸ್ಥಾನವನ್ನು ಕಂಡುಹಿಡಿಯಲು ಹಲವೆಡೆ ಜಿಯೊಫೋನ್ ಎಂಬ ಕಂಪಗ್ರಾಹಕಗಳನ್ನು ಇಟ್ಟರು. ಕಂಪನವು ಒಂದೊಂದು ಗ್ರಾಹಕಕ್ಕೆ ಒಂದೊಂದು ಕ್ಷಣದಲ್ಲಿ ತಲಪುವುದು. ಆ ಅಂತರಗಳಿಂದ ಸ್ಥಾನವನ್ನು ಲೆಕ್ಕಹಾಕಬಹುದು. ಗಟ್ಟಿಯಾದ ಬಂಡೆಯಲ್ಲಿ ಕಂಪನದ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರು. ಕಾಲದಲ್ಲಿ ನೂರನೆಯ ಒಂದು ಸೆಕೆಂಡು ತಪ್ಪಿದರೆ ದೂರದಲ್ಲಿ 60 ಮೀಟರು ತಪ್ಪಿದಂತೆ. ಅಂಥ ತಪ್ಪಿನಿಂದ ಪಕ್ಕದ ಸುರಂಗವನ್ನು ಅಪಾಯದ ಸ್ಥಳವೆಂದು ತಿಳಿಯುವಂತಾಗಬಹುದು.

ಒಂದೇ ಕೆಲಸವನ್ನು ಹಲವು ಗಣಕಯಂತ್ರಗಳು ಹಂಚಿಕೊಂಡಾಗಲೂ ಹೀಗೆಯೇ. ಒಂದರ ಗಡಿಯಾರ ಮುಂದೆ, ಇನ್ನೊಂದರದು ಹಿಂದೆ ಇದ್ದರೆ ಕಾರ್ಯವು ಕಾರಣಕ್ಕಿಂತ ಮೊದಲೇ ನಡೆದಂತೆ ದಿನಚರಿಗಳು ಹೇಳಿಬಿಡುವುವು. ಆದುದರಿಂದ ಯಂತ್ರಗಳೆಲ್ಲವೂ ಜಾಲದ ಮೂಲಕ ಒಂದೇ ಪ್ರಮಾಣ ಗಡಿಯಾರವನ್ನು ಅನುಸರಿಸುವ ವಿಧಾನವನ್ನು ಏರ್ಪಡಿಸಿರುವರು. ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಸಂಸ್ಥೆಗಳು ತಮ್ಮ ಯಂತ್ರಗಳ ಕಾಲವನ್ನು ಹೊಂದಿಸಿಕೊಂಡಿರಬೇಕೆಂದೂ ದಿನಚರಿಗಳನ್ನು 180 ದಿನಗಳ ಕಾಲ ಭದ್ರವಾಗಿ ಇಟ್ಟಿರಬೇಕೆಂದೂ ವಿಧಿಸಲಾಯಿತು.

ಮುಕ್ಕಾಲು ಡಾಲರಿನ ಲೆಕ್ಕ

ಇಷ್ಟು ದಿನಗಳ ದಿನಚರಿ ಏಕೆ ಬೇಕು? 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ಗಣಕಯಂತ್ರಗಳ ಬಳಕೆಯ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡಿತು. ಖಗೋಳವಿಜ್ಞಾನಿಯಾಗಿದ್ದ ಕ್ಲಿಫರ್ಡ್ ಸ್ಟೋಲ್ ಎಂಬಾತನಿಗೆ ಅದನ್ನು ಹುಡುಕುವ ಕೆಲಸ ಬಂದಿತು. ಅಷ್ಟು ಚಿಲ್ಲರೆ ಲೆಕ್ಕವನ್ನು ಯಾರಾದರೂ ಬಿಟ್ಟುಬಿಡುತ್ತಿದ್ದರು. ಆತನು ಬಿಡದೆ, ಹೊರಗಿನಿಂದ ಬರುವ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿ, ಅಪರಿಚಿತನೊಬ್ಬನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ದಾಖಲೆಮಾಡಿದನು. ತಿಂಗಳುಗಟ್ಟಲೆ ನಡೆದ ಈ ಶೋಧದಿಂದ, ಪಶ್ಚಿಮ ಜರ್ಮನಿಯ ಹ್ಯಾನೋವರಿನಲ್ಲಿ ಕುಳಿತು ಅಮೆರಿಕದ ಸೈನ್ಯದ ಯಂತ್ರಗಳಿಗೆ ನುಗ್ಗಿ, ಅಲ್ಲಿಯ ಮಾಹಿತಿಯನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದವನೊಬ್ಬನು ಸಿಕ್ಕಿಬಿದ್ದನು.

ದಿನಚರಿಯು ಹೀಗೆ ಬಲವಾದ ಸಾಕ್ಷಿಯಾದುದರಿಂದಲೇ ಅದನ್ನು ಎಚ್ಚರದಿಂದ ಕಾಪಾಡಬೇಕಾಗಿದೆ. ಕಳ್ಳನು ಮೊದಲು ಅಳಿಸಲೆತ್ನಿಸುವುದು ಅದನ್ನೇ. ಆದುದರಿಂದ ಅದರ ಪ್ರತಿಯೊಂದು ಬೇರೆ ಯಂತ್ರದಲ್ಲಿರಬೇಕು. ಯಾರು ಯಾವಾಗ ಬಂದರು, ಏನು ಓದಿದರು ಎಂಬ ಜನರ ಖಾಸಗಿ ಸಂಗತಿಗಳೂ ಅದರಲ್ಲಿರುವುದರಿಂದ ಕಂಡವರಿಗೆಲ್ಲ ಅದನ್ನು ತೋರಿಸಕೂಡದು. ಗುಪ್ತಪದಗಳನ್ನು ಅದರಲ್ಲಿ ಎಂದಿಗೂ ಬರೆಯಗೊಡಬಾರದು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಯಂತ್ರ ಕೆಟ್ಟ ದಿನ ನಾಡಿಯನ್ನು ಹಿಡಿದು ನೋಡಿದರೆ ಆ ಅಂಕಿ ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಆರೋಗ್ಯವಾಗಿದ್ದ ದಿನದ ಅಂಕಿ ಗೊತ್ತಿರಬೇಕು. 'ಸಾರ್' ಎಂಬ ಸಾಧನವು ಸಾಮಾನ್ಯವಾಗಿ ಹತ್ತು ನಿಮಿಷಗಳಿಗೊಮ್ಮೆ ಇಂಥ ಅಂಕಿಗಳನ್ನು ತಾನಾಗಿಯೇ ಬರೆದಿಡುವುದು. ನಿಮ್ಮ ಶಾಲೆಯಲ್ಲಿ ಲಿನಕ್ಸ್ ಇರುವ ಯಂತ್ರವಿದ್ದರೆ ಅಧ್ಯಾಪಕರ ಅನುಮತಿ ಪಡೆದು, ಒಂದು ವಾರದ ಕಾಲ ದಿನವೂ ನಿಶ್ಚಿತವಾದ ವೇಳೆಗೆ ಹೊರೆ, ದೊರೆಯಬಹುದಾದ ಸ್ಮೃತಿ, ಡಿಸ್ಕಿನ ಉಳಿಕೆ ಈ ಮೂರನ್ನು ಗುರುತುಹಾಕಿಕೊಳ್ಳಿರಿ; ದಿನಚರಿಯಲ್ಲಿ ಎಚ್ಚರಿಕೆಯ ಸಾಲುಗಳೆಷ್ಟಿವೆಯೆಂದು ಎಣಿಸಿರಿ. ಎಂಟನೆಯ ದಿನ ಅಂಕಿಗಳನ್ನು ನೋಡಿದಾಗ, ಯಾವುದು ಸಹಜ, ಯಾವುದು ಅಲ್ಲ ಎಂಬುದನ್ನು ಇನ್ನೊಬ್ಬರು ಹೇಳಬೇಕಾದ ಅವಶ್ಯಕತೆ ನಿಮಗೆ ಇರಲಾರದು.